ಮುದ್ದೆಯನ್ನು ಮೂವತ್ತೆರಡು ಸಲ ಅಗಿಯಬೇಕಾ?

ಪ್ರಶ್ನೆ: ನನಗೆ 42 ವರ್ಷ. ಹಾಸನದಲ್ಲಿ ಮನೆ, ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ತವರು ಮೂಡಿಗೆರೆ ಕಡೆ. ಅಡುಗೆ ಅಂದ್ರೆ ಚಿಕ್ಕಂದಿನಿಂದಲೂ ಇಷ್ಟ. ಈಗಲೂ ಮೂರು ಹೊತ್ತೂ ನಾನೇ ಮಾಡುತ್ತೇನೆ. ಮನೆಯವರೆಲ್ಲ ಚೆನ್ನಾಗಿದೆ ಅಂತಾರೆ. ನನಗೆ ಮಾತ್ರ ಉಣ್ಣುವಾಗ ರುಚಿಯೇ ಹತ್ತುವುದಿಲ್ಲ. ಬೆಳಿಗ್ಗೆ ಆರಕ್ಕೆ ಕಾಫಿ. ಎಂಟು ಕಾಲಿಗೆ ಮಕ್ಕಳ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ಅದೂ ಸಿಂಕ್ ಹತ್ತಿರ ನಿಂತುಕೊಂಡು. ಎಸೆಯೋಕೆ ಮನಸ್ಸು ಬರುವುದಿಲ್ಲ. ಹನ್ನೊಂದಕ್ಕೆ ಕಾಫಿ, ಎರಡು ಬಿಸ್ಕತ್ತು. ಒಂದೂವರೆಗೆ ಡಬ್ಬಿಯ ಚಿತ್ರಾನ್ನ. ಸಂಜೆ ಆರಕ್ಕೆ ಇನ್ನೊಂದು ಕಾಫಿ. ರಾತ್ರಿ ಎಲ್ಲರದ್ದೂ ಆದ ಮೇಲೆ ಒಂಬತ್ತು ಮುಕ್ಕಾಲಿಗೆ ಮುದ್ದೆ ಸಾರು, ಮೊಬೈಲ್ ನೋಡುತ್ತಾ. ಹತ್ತೂವರೆಗೆ ಮತ್ತೆ ಅಡುಗೆಮನೆಗೆ ಹೋಗಿ ಖಾರದ ಡಬ್ಬಿ ತೆಗೆಯುತ್ತೇನೆ. ತಿಂದ ಮೇಲೆ ನನ್ನ ಮೇಲೇ ಬೇಜಾರು. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ (ಕಳೆದ ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ) 5.9 ಬಂತು. ತಂಗಿ ಒಂದು ವಿಡಿಯೊ ಕಳಿಸಿದ್ದಾಳೆ. ಅನ್ನ ಬಿಡಿ, ಮೌನವಾಗಿ ಉಣ್ಣಿ, ಪ್ರತಿ ತುತ್ತನ್ನೂ 32 ಸಲ ಅಗಿಯಿರಿ ಅಂತ ಅದರಲ್ಲಿ ಹೇಳುತ್ತಾರೆ. ನಮ್ಮತ್ತೆ ಕೇಳಿ, "ಮುದ್ದೆ ಯಾರಾದ್ರೂ ಅಗೀತಾರೇನವ್ವ?" ಅಂತ ನಕ್ಕರು. ನಾನು ಮತ್ತೆ ಇಷ್ಟಪಟ್ಟು ಉಣ್ಣುವುದು ಯಾವಾಗ?

ಉತ್ತರ: ನಿಮ್ಮ ಅತ್ತೆಯವರ ಮಾತು ಸರಿ. ಮುದ್ದೆಯನ್ನು ಅಗಿಯುವುದಿಲ್ಲ. ಅಗಿದರೆ ಹಲ್ಲಿಗೆ ಅಂಟುತ್ತದೆ, ರುಚಿಯೂ ಕೆಡುತ್ತದೆ. ಅಗಿಯುವುದು ಯಾಕೆ ಹೇಳಿ? ತಿಂದದ್ದು ಸಣ್ಣ ಆಗಲಿ, ಎಂಜಲಿನ ಜೊತೆ ಬೆರೆಯಲಿ ಅಂತ. ರಾಗಿಯನ್ನು ಗಿರಣಿಯಲ್ಲೇ ನುಣ್ಣಗೆ ಬೀಸಿದ್ದಾರೆ. ನೀವು ಅದನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಕೋಲು ಹಾಕಿ ಗಂಟಿಲ್ಲದಂತೆ ತಿರುವಿದ್ದೀರಿ. ಹಲ್ಲಿಗೆ ಅಲ್ಲಿ ಕೆಲಸವೇ ಉಳಿದಿಲ್ಲ. ಪಿಷ್ಟವನ್ನು ಕರಗಿಸುವ ರಸ ಎಂಜಲಿನಲ್ಲಿ ಇರುವಂತೆ ಮೇದೋಜೀರಕ ಗ್ರಂಥಿಯಿಂದ ಸಣ್ಣ ಕರುಳಿಗೂ ಬರುತ್ತದೆ. ಹೆಚ್ಚಿನ ಪಾಲು ಜೀರ್ಣವಾಗುವುದು ಅಲ್ಲೇ. ಹಾಗಾಗಿ ಮುದ್ದೆ ನುಂಗುವುದರಿಂದ ಏನೂ ಕೆಟ್ಟದ್ದಾಗುವುದಿಲ್ಲ. ನಿಶ್ಚಿಂತೆಯಿಂದ ನುಂಗಿ.

ಈ 32ರ ಲೆಕ್ಕ ಹಳೆಯದು. ಹಲ್ಲಿಗೊಂದು ಸಲ ಅಗಿಯಬೇಕು ಎಂಬ ಮಾತು ಇಂಗ್ಲೆಂಡಿನ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ ಅವರ ಹೆಸರಿನಲ್ಲಿ ಓಡಾಡುತ್ತಿತ್ತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಹೊರೇಸ್ ಫ್ಲೆಚರ್ ಎಂಬುವರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ತುತ್ತು ಬಾಯಲ್ಲೇ ನೀರಾಗುವವರೆಗೆ ಅಗಿಯಿರಿ ಅಂತ ಊರೂರು ಪ್ರಚಾರ ಮಾಡಿದರು. ಅವರ ತಟ್ಟೆಯಲ್ಲಿ ಇದ್ದದ್ದು ಬ್ರೆಡ್ಡು, ಮಾಂಸ. ಆ ಊಟಕ್ಕೆ ಆ ಮಾತು ಒಂದಷ್ಟು ಒಪ್ಪುತ್ತದೆ.

ನಿಮ್ಮ ತಂಗಿ ಕಳಿಸಿದ ವಿಡಿಯೊದ ಉಳಿದ ಭಾಗ ಬೇರೆ ಕಡೆಯಿಂದ ಬಂದದ್ದು. 1979ರಲ್ಲಿ ಜಾನ್ ಕಬಾಟ್-ಜಿನ್ ಎಂಬುವರು ಅಮೆರಿಕದ ಮಸಾಚುಸೆಟ್ಸ್‌ನ ಒಂದು ವೈದ್ಯಕೀಯ ಕಾಲೇಜಿನಲ್ಲಿ, ಬಹಳ ದಿನದಿಂದ ನೋವು ತಿನ್ನುತ್ತಿದ್ದ ರೋಗಿಗಳಿಗೆ ಧ್ಯಾನದ ತರಬೇತಿ ಶುರು ಮಾಡಿದರು. ಅದರಲ್ಲಿ ಒಂದು ಪಾಠ ಇದೆ. ಒಂದೇ ಒಂದು ಒಣದ್ರಾಕ್ಷಿಯನ್ನು ಕೈಯಲ್ಲಿ ಹಿಡಿದು, ನೋಡಿ, ಮೂಸಿ, ನಿಧಾನವಾಗಿ ತಿನ್ನಬೇಕು. ಒಳ್ಳೆಯ ಅಭ್ಯಾಸ, ನನಗೂ ಇಷ್ಟ. ಆದರೆ ಆ ದ್ರಾಕ್ಷಿಯನ್ನು ಅವರ ಅಂಗೈಗೆ ಇನ್ನೊಬ್ಬರು ಇಡುತ್ತಾರೆ. ಅದನ್ನು ಸಂತೆಯಿಂದ ತಂದು, ತೊಳೆದು, ಬೇಯಿಸಿ, ಮನೆಮಂದಿಗೆಲ್ಲ ಬಡಿಸಿ, ಒಲೆ ಒರೆಸಿ ಬಂದು ಕೂತವರಿಗೆ ಬರೆದ ಪಾಠ ಅದಲ್ಲ.

ನಿಮಗೆ ಗಮನ ಕಡಿಮೆ ಇದೆ ಅಂತ ನನಗೆ ಅನ್ನಿಸುವುದೇ ಇಲ್ಲ. ಮೂಡಿಗೆರೆ ಕಡೆಯವರು ನೀವು. ಮಳೆಗಾಲದಲ್ಲಿ ಕಳಲೆಯನ್ನು (ಎಳೆ ಬಿದಿರನ್ನು) ಹೆಚ್ಚಿ ನೀರಿಗೆ ಹಾಕಿ, ದಿನಾ ನೀರು ಬದಲಿಸಿ, ಮೂರು ದಿನ ಕಳೆದ ಮೇಲೆ ಒಲೆಗೆ ಏರಿಸುವುದು ನಿಮ್ಮ ಕೈಗೆ ಅಭ್ಯಾಸ ಇರುತ್ತದೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ನೆನೆಸಿ, ನೀರು ಚೆಲ್ಲಿ, ಬೇಯಿಸಿದಾಗ ಅದು ಹೋಗುತ್ತದೆ. ಕೆಸುವಿನ ಎಲೆಗೆ ಹುಣಸೆಹುಳಿ ಹಾಕದೆ ಪತ್ರೊಡೆ ಮಾಡಿದರೆ ಗಂಟಲು ತುರಿಸುತ್ತದೆ. ಇಷ್ಟೆಲ್ಲ ಎಚ್ಚರ ಇಟ್ಟುಕೊಂಡು ಅಡುಗೆ ಮಾಡುವವರಿಗೆ ಊಟದಲ್ಲಿ ಎಚ್ಚರ ಇಡಿ ಅಂತ ಹೊಸದಾಗಿ ಪಾಠ ಹೇಳುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಗಮನವೆಲ್ಲ ಬಡಿಸುವ ಸೌಟಿನವರೆಗೆ ಖರ್ಚಾಗಿ ಹೋಗುತ್ತಿದೆ. ನಿಮ್ಮ ತಟ್ಟೆಗೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಹಾಗಾಗಿ ನಾನು ನಿಮಗೆ ಇನ್ನೊಂದು ವ್ರತ ಕೊಡುವುದಿಲ್ಲ. ಮನೆಯಲ್ಲಿ ಎಲ್ಲರ ಹಸಿವಿನ ಲೆಕ್ಕ ಇಡುವ ನೀವು ನಿಮ್ಮ ಹಸಿವನ್ನೂ ಆ ಲೆಕ್ಕಕ್ಕೆ ಸೇರಿಸಿ. ನಾನು ಮುಂದೆ ಹೇಳುವುದೆಲ್ಲ ಇದರ ಸುತ್ತಲೇ.

ರಾತ್ರಿಯ ಖಾರದ ಡಬ್ಬಿಯಿಂದ ಶುರು ಮಾಡೋಣ. ನಿಮಗೆ ಜಾಸ್ತಿ ಬೇಜಾರು ಇರುವುದು ಅದರ ಬಗ್ಗೆ.

ನೀವು ಬರೆದ ದಿನಚರಿಯನ್ನು ಪಕ್ಕಕ್ಕೆ ಇಟ್ಟುಕೊಂಡು ಲೆಕ್ಕ ಹಾಕಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಟ್ಟೆಗೆ ಬಿದ್ದದ್ದು ಅರ್ಧ ದೋಸೆ, ಎರಡು ಬಿಸ್ಕತ್ತು, ಎರಡು ಲೋಟ ಕಾಫಿ. ಮಧ್ಯಾಹ್ನದ ಡಬ್ಬಿಯಿಂದ ರಾತ್ರಿ ಊಟದವರೆಗೆ ಎಂಟು ಗಂಟೆಗೂ ಹೆಚ್ಚು ಅಂತರ. ನಡುವೆ ಒಂದು ಕಾಫಿ ಮಾತ್ರ. 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ನೀವು ತಿನ್ನುವುದರಲ್ಲಿ ಅದು 25ರಿಂದ 30 ಗ್ರಾಂ ದಾಟುವುದು ಕಷ್ಟ. ಇಡೀ ದಿನ ಅರ್ಧ ಹೊಟ್ಟೆಯಲ್ಲಿದ್ದ ದೇಹ ರಾತ್ರಿ ಕೆಲಸವೆಲ್ಲ ಮುಗಿದು, ಸುತ್ತ ಸದ್ದು ಅಡಗಿದ ಮೇಲೆ ಬಾಕಿ ಕೇಳುತ್ತದೆ. ಅದಕ್ಕೆ ಬೇಗ ಸಿಗುವ ಶಕ್ತಿ ಬೇಕು. ಎಣ್ಣೆ, ಉಪ್ಪು, ಹಿಟ್ಟು ಮೂರೂ ಇರುವ ಖಾರ ಕೈಗೆ ಸಿಗುತ್ತದೆ. ಇದರಲ್ಲಿ ನಿಮ್ಮ ಮನಸ್ಸು ದುರ್ಬಲ ಅನ್ನುವುದಕ್ಕೆ ಏನಿದೆ? ಬರೀ ಹಸಿವು ಇದು.

ಹಸಿವಿಗೆ ದೇಹದಲ್ಲಿ ಅದರದ್ದೇ ಏರ್ಪಾಡು ಇದೆ. ಖಾಲಿ ಹೊಟ್ಟೆಯಿಂದ ಗ್ರೆಲಿನ್ ಎಂಬ ಹಾರ್ಮೋನ್ ಹೊರಟು ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಗುರುತಿಸಿದರು. ನೀವು ದಿನಾ ಉಣ್ಣುವ ಹೊತ್ತಿಗೆ ಸರಿಯಾಗಿ ಇದು ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬಂದ ಹಸಿವನ್ನು ನೀವು ಗಮನಿಸದೆ ಬಸ್ ಹತ್ತಿದಿರಿ ಅಂದುಕೊಳ್ಳಿ. ಹತ್ತು ಗಂಟೆಗೆ ಅದು ಅಡಗಿದಂತೆ ಆಗುತ್ತದೆ. ಮೇಲೊಂದು ಕಾಫಿ ಕುಡಿದರೆ ಇನ್ನಷ್ಟು ಹೊತ್ತು ಮುಚ್ಚಿಹೋಗುತ್ತದೆ. ಹೀಗೆ ವರ್ಷಗಟ್ಟಲೆ ಮಾಡಿದರೆ ಹಸಿವಾಗುವುದೇ ಗೊತ್ತಾಗದಂತೆ ಆಗುತ್ತದೆ. ಸಲಹೆ ಕೇಳಲು ನನ್ನ ಮುಂದೆ ಬಂದು ಕೂರುವ ಹೆಂಗಸರಲ್ಲಿ ಬಹಳ ಜನ ಹೇಳುವ ಮಾತು ಇದು: "ಬೆಳಿಗ್ಗೆ ನನಗೆ ಹಸಿವೇ ಆಗಲ್ಲ." ಎರಡು ಮೂರು ವಾರ ಹೊತ್ತಿಗೆ ಸರಿಯಾಗಿ ತಿಂಡಿ ತಿಂದ ಮೇಲೆ ಅವರಲ್ಲಿ ಹೆಚ್ಚಿನವರಿಗೆ ಹಸಿವು ವಾಪಸ್ ಬರುತ್ತದೆ. ಅದನ್ನು ಕೇಳಿದಾಗ ನನಗೆ ಆಗುವ ಸಂತೋಷ ತೂಕ ಇಳಿದ ಸುದ್ದಿಗೂ ಆಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಬೆಳಗಿನ ತಿಂಡಿ. ಮಕ್ಕಳ ತಟ್ಟೆಯಲ್ಲಿ ಉಳಿದದ್ದು ನಿಮ್ಮ ತಿಂಡಿ ಆಗುವುದು ಬೇಡ. ಅವರಿಗೆ ಬಡಿಸುವಾಗಲೇ ಒಂದು ದೋಸೆ ಕಡಿಮೆ ಹಾಕಿ, ಬೇಕಾದರೆ ಕೇಳಲಿ. ಹಾಗೂ ಉಳಿದರೆ ಮುಚ್ಚಿಡಿ, ಸಂಜೆ ಸ್ಕೂಲಿಂದ ಬಂದವರೇ ತಿನ್ನಲಿ. ಅನ್ನ ಎಸೆಯಬಾರದು ಅನ್ನುವ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆ ಗೌರವ ದೊಡ್ಡದು. ಆದರೆ ಅದರ ಹೊಣೆಯೆಲ್ಲ ನಿಮ್ಮ ಒಬ್ಬರ ಹೊಟ್ಟೆಯ ಮೇಲೆ ಬೀಳಬಾರದು ಅಲ್ವಾ? ನಿಮಗೆ ಅಂತ ಎರಡು ದೋಸೆ ಬಿಸಿ ಬಿಸಿ ಹುಯ್ದುಕೊಳ್ಳಿ. ಜೊತೆಗೆ ಹುರಿಗಡಲೆ ಜಾಸ್ತಿ ಹಾಕಿದ ಚಟ್ನಿ, ಇಲ್ಲ ಒಂದು ಮೊಟ್ಟೆ. ಅಕ್ಕಿರೊಟ್ಟಿ ಮಾಡಿದ ದಿನ ಅದರ ಜೊತೆ ಹೆಸರುಕಾಳು ಅಥವಾ ಅಲಸಂದೆ ಪಲ್ಯ. ತಿನ್ನಲು ಹತ್ತು ನಿಮಿಷ ಸಾಕು, ಆದರೆ ಕೂತು ತಿನ್ನಿ.

ಸಂಜೆ ಆರರ ಕಾಫಿಯ ಜಾಗದಲ್ಲಿ ಏನಾದರೂ ತಿನ್ನುವಂಥದ್ದು ಇರಲಿ. ಕಡಲೆಕಾಯಿ, ಉಸಲಿ, ಒಂದು ಬಾಳೆಹಣ್ಣು, ಮಜ್ಜಿಗೆ. ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ. ಚಿಕ್ಕಮಗಳೂರು ಸೀಮೆಯಲ್ಲಿ ಹುಟ್ಟಿದವರಿಗೆ ಹಾಗೆ ಹೇಳುವುದು ನ್ಯಾಯವೂ ಅಲ್ಲ. ಆದರೆ ಕಾಫಿಯಲ್ಲಿದ್ದು ನಿದ್ದೆ ಓಡಿಸುವ ಕೆಫೀನ್‌ನಲ್ಲಿ ಅರ್ಧದಷ್ಟು ಐದು ಗಂಟೆಯ ನಂತರವೂ ರಕ್ತದಲ್ಲಿ ಇರುತ್ತದೆ. ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಕೆಲಸ ಮಾಡುತ್ತಿರುತ್ತದೆ. ನಿದ್ದೆ ತಡವಾಗುತ್ತದೆ, ನಿದ್ದೆ ಕಡಿಮೆಯಾದರೆ ಮಾರನೇ ದಿನ ಹಸಿವು ಜಾಸ್ತಿ. ಮೂರನೇ ಕಾಫಿಯನ್ನು ಮಧ್ಯಾಹ್ನ ಮೂರರೊಳಗೆ ಮುಗಿಸಿದರೆ ಒಳ್ಳೆಯದು. ಊಟದ ಬೆನ್ನಿಗೇ ಕಾಫಿ ಟೀ ಬೇಡ, ಒಂದು ಗಂಟೆ ಬಿಡಿ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳಲು ಅವು ಬಿಡುವುದಿಲ್ಲ.

ಇಷ್ಟಾದ ಮೇಲೂ ರಾತ್ರಿ ಡಬ್ಬಿಯ ಕಡೆ ಕೈ ಹೋದರೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಈಗ ಯಾರಾದರೂ ಒಂದು ಬಟ್ಟಲು ಮೊಸರನ್ನ ಕಲಸಿ ಕೊಟ್ಟರೆ ತಿನ್ನುತ್ತೀನಾ? ಹೌದು ಅನ್ನಿಸಿದರೆ ಹಸಿವಾಗಿದೆ, ಮೊಸರನ್ನವನ್ನೇ ತಿನ್ನಿ. ಬೇಡ, ಖಾರವೇ ಬೇಕು ಅನ್ನಿಸಿದರೆ ಹೊಟ್ಟೆ ಕೇಳುತ್ತಿಲ್ಲ. ಇಡೀ ದಿನದಲ್ಲಿ ನಿಮ್ಮದು ಅಂತ ಸಿಗುವ ಹೊತ್ತು ಅದೊಂದೇ ಆಗಿರಬಹುದು, ಅದಕ್ಕೆ ಮನಸ್ಸು ಏನಾದರೂ ಜೊತೆ ಬಯಸುತ್ತದೆ. ಆಗಲೂ ತಿನ್ನಬಾರದು ಅಂತ ಇಲ್ಲ. ಒಂದು ಸಣ್ಣ ಬಟ್ಟಲಿಗೆ ಹಾಕಿಕೊಂಡು, ದೀಪ ಹಾಕಿ, ಕೂತು ತಿನ್ನಿ. ಕತ್ತಲಲ್ಲಿ ಡಬ್ಬಿಗೇ ಕೈ ಹಾಕಿ ಕದ್ದು ತಿಂದಂತೆ ತಿನ್ನುವುದೇ ಬೇಜಾರು ತರುವುದು.

ಇನ್ನು ರುಚಿ. ನೀವು ಮಾಡಿದ್ದು ನಿಮಗೇ ರುಚಿಸುವುದಿಲ್ಲ ಅನ್ನುವುದಕ್ಕೆ ಒಂದು ಕಾರಣ ಮೂಗು. ರುಚಿ ಅಂತ ನಾವು ಅಂದುಕೊಳ್ಳುವುದರಲ್ಲಿ ದೊಡ್ಡ ಪಾಲು ವಾಸನೆ. ಒಂದೇ ವಾಸನೆಯಲ್ಲಿ ಒಂದು ಗಂಟೆ ನಿಂತರೆ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ಹೊರಗಿಂದ ಬಂದವರು ಬಾಗಿಲಲ್ಲೇ "ಏನು ಘಮಘಮ ಅಂತಿದೆ" ಅನ್ನುತ್ತಾರೆ, ಒಲೆ ಮುಂದೆ ಇದ್ದವರಿಗೆ ಏನೂ ಗೊತ್ತಾಗುವುದಿಲ್ಲ. ಜೊತೆಗೆ ಉಪ್ಪು ಹುಳಿ ನೋಡುತ್ತಾ ನಾಲಿಗೆಗೂ ಅದೇ ರುಚಿ ಸಾಕಾಗಿರುತ್ತದೆ. ಇದಕ್ಕೆ ಮದ್ದು ಸುಲಭ. ಅಡುಗೆ ಮುಗಿದ ಕೂಡಲೇ ಊಟಕ್ಕೆ ಕೂರಬೇಡಿ. ಮುಖ ತೊಳೆದು, ಹತ್ತು ನಿಮಿಷ ಹಿತ್ತಲಿಗೋ ಮಹಡಿಗೋ ಹೋಗಿ ಗಾಳಿಗೆ ನಿಲ್ಲಿ. ಆಮೇಲೆ ಒಳಗೆ ಬನ್ನಿ. ಒಗ್ಗರಣೆಯ ವಾಸನೆ ನಿಮಗೂ ಬರುತ್ತದೆ. ಕಾಫಿಪುಡಿ, ಇಂಗು, ಸೋಪು ಯಾವುದರ ವಾಸನೆಯೂ ಬರುತ್ತಿಲ್ಲ ಅನ್ನುವಷ್ಟು ಆಗಿದ್ದರೆ ಮಾತ್ರ ಮೂಗಿನ ವೈದ್ಯರಿಗೆ ತೋರಿಸಿ.

ಇನ್ನೊಂದು ಕಾರಣ, ನಿಮಗೆ ಯಾರೂ ಬಡಿಸುವುದಿಲ್ಲ. ಹೊರನಾಡಿಗೆ ಹೋಗಿದ್ದೀರಿ ಅಲ್ವಾ? ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟ. ಅಲ್ಲಿನ ಸಾರು ಅನ್ನ ಯಾಕೆ ಅಷ್ಟು ರುಚಿ ಅಂತ ಜನ ಕೇಳುತ್ತಾರೆ. ದೇವಿಯ ಪ್ರಸಾದ ಅನ್ನುವ ಭಕ್ತಿ ಮೊದಲನೆಯದು. ಅದರ ಜೊತೆ ಘಟ್ಟದ ದಾರಿಯಲ್ಲಿ ಬಂದ ಹಸಿವು ಇದೆ. ಹೊಗೆಯ ಹತ್ತಿರ ನೀವು ಹೋಗಿಲ್ಲ. ಪಂಕ್ತಿಯಲ್ಲಿ ಕೂತಿದ್ದೀರಿ, ಇನ್ನೊಬ್ಬರು ಬಂದು ಬಡಿಸುತ್ತಿದ್ದಾರೆ, ಮೊಬೈಲ್ ಚೀಲದಲ್ಲಿದೆ. ಇದರಲ್ಲಿ ಎರಡು ಮೂರನ್ನಾದರೂ ನಿಮ್ಮ ಮನೆಗೆ ತರಬಹುದು.

ಮೊಬೈಲ್ ವಿಷಯ ಚುಟುಕಾಗಿ ಹೇಳುತ್ತೇನೆ. ಬೇರೆ ಕಡೆ ಗಮನ ಇಟ್ಟು ಉಣ್ಣುವುದರ ಬಗ್ಗೆ ನಡೆದ 24 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2013ರಲ್ಲಿ ಪ್ರಕಟವಾಯಿತು. ಹಾಗೆ ಉಂಡವರು ಆ ಹೊತ್ತಿನಲ್ಲಿ ಸ್ವಲ್ಪ ಜಾಸ್ತಿ ತಿನ್ನುತ್ತಾರೆ. ಆಮೇಲಿನ ಹೊತ್ತಿನಲ್ಲಿ ಅದಕ್ಕಿಂತಲೂ ಜಾಸ್ತಿ ತಿನ್ನುತ್ತಾರೆ. ಉಂಡದ್ದು ನೆನಪಲ್ಲಿ ಸರಿಯಾಗಿ ಕೂರುವುದಿಲ್ಲ, ಅದಕ್ಕೇ ಬೇಗ ಮತ್ತೆ ಬೇಕು ಅನ್ನಿಸುತ್ತದೆ. ಒಂಬತ್ತು ಮುಕ್ಕಾಲಿಗೆ ಮೊಬೈಲ್ ಜೊತೆ ಊಟ, ಹತ್ತೂವರೆಗೆ ಡಬ್ಬಿ. ನಿಮ್ಮ ಪತ್ರದಲ್ಲೇ ಇದೆ.

ಆದರೆ ಮೊಬೈಲ್ ಇಟ್ಟುಬಿಡಿ ಅಂತ ಬರೀ ಹೇಳಿದರೆ ನಿಮಗೆ ಅನ್ಯಾಯ ಮಾಡಿದಂತೆ. ಎಲ್ಲರೂ ಉಂಡು ಎದ್ದ ಮೇಲೆ, ಖಾಲಿ ಪಾತ್ರೆಗಳ ನಡುವೆ ಒಬ್ಬರೇ ಕೂತರೆ ಯಾರಿಗಾದರೂ ಏನಾದರೂ ಜೊತೆ ಬೇಕು ಅನ್ನಿಸುತ್ತದೆ. ಮೊಬೈಲ್ ಆ ಜಾಗಕ್ಕೆ ಬಂದಿದೆ. ಆದ್ದರಿಂದ ಕೊನೆಗೆ ಉಣ್ಣುವುದನ್ನು ಮೊದಲು ನಿಲ್ಲಿಸಿ.

ಇದು ನಿಮ್ಮ ಒಬ್ಬರ ಮನೆಯ ಮಾತಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಿದ್ದರು. ಆ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಇನ್ನು ಗಂಡಸರಲ್ಲಿ ಬಹಳಷ್ಟು ಜನ ಆ ಲೆಕ್ಕಕ್ಕೇ ಬರುವುದಿಲ್ಲ, ಅವರು ಮಾಡುವುದೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣ ಹಲವು. ಕೊನೆಗೆ ಉಳಿದದ್ದನ್ನು ಉಣ್ಣುವುದೂ ಅದರಲ್ಲಿ ಒಂದು. ಬಸ್ಸಾರಿನ ಪಲ್ಯ ಮೊದಲು ಕೂತವರಿಗೇ ಮುಗಿದು, ಕೊನೆಯವರಿಗೆ ಬರೀ ತಿಳಿ ಸಾರು ಉಳಿಯುವುದನ್ನು ನೀವು ನೋಡಿಯೇ ಇರುತ್ತೀರಿ.

ಮನೆಯಲ್ಲಿ ಮಾತಾಡಿ. ಜಗಳ ಬೇಡ, ಬೇಡಿಕೆಯ ಪಟ್ಟಿಯೂ ಬೇಡ. ರಾತ್ರಿ ಒಂದು ಊಟವನ್ನು ಎಂಟೂವರೆಗೆ ಎಲ್ಲರೂ ಒಟ್ಟಿಗೆ ಮಾಡೋಣ ಅಂತ ಹೇಳಿ. ಮುದ್ದೆ ತಟ್ಟೆ, ಸಾರಿನ ಪಾತ್ರೆ, ಪಲ್ಯ, ಮಜ್ಜಿಗೆ, ನೀರು ಎಲ್ಲವನ್ನೂ ತಂದು ನಡುವೆ ಇಡಿ. ಬೇಕಾದವರು ಬೇಕಾದಷ್ಟು ಬಡಿಸಿಕೊಳ್ಳಲಿ. ಯಜಮಾನರಿಗೆ ಒಂದು ಕೆಲಸ ಕೊಡಿ. ನಿಮ್ಮ ತಟ್ಟೆಗೆ ಅವರು ಬಡಿಸಲಿ. ಮೊದಮೊದಲು ಇಬ್ಬರಿಗೂ ಮುಜುಗರ ಆಗಬಹುದು, ಪರವಾಗಿಲ್ಲ. ಅತ್ತೆಯವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಮುದ್ದೆಯ ಬಗ್ಗೆ ಅಷ್ಟು ಖಡಕ್ಕಾಗಿ ಹೇಳಿದವರು ಊಟದ ಬಗ್ಗೆ ಇನ್ನೂ ಬಹಳ ಬಲ್ಲವರಾಗಿರುತ್ತಾರೆ. ಅವರ ಕಾಲದಲ್ಲಿ ಸೊಸೆಯಂದಿರು ಯಾವಾಗ ಉಣ್ಣುತ್ತಿದ್ದರು ಅಂತ ಕೇಳಿ ನೋಡಿ. ಬಹಳ ಮನೆಗಳಲ್ಲಿ ಆ ಪ್ರಶ್ನೆ ಕೇಳಿದ ಮೇಲೆ ಅತ್ತೆಯಂದಿರೇ ಸೊಸೆಯ ಪರ ನಿಂತದ್ದನ್ನು ನಾನು ಕೇಳಿದ್ದೇನೆ.

ಮೌನವಾಗಿ ಉಣ್ಣಬೇಕು ಅನ್ನುವ ಸಲಹೆಯನ್ನು ನಾನು ನಿಮಗೆ ಕೊಡುವುದಿಲ್ಲ. ಹಾಗೆ ಉಣ್ಣುವವರ ಬಗ್ಗೆ ನನಗೆ ಗೌರವ ಇದೆ. ಶ್ರವಣಬೆಳಗೊಳ ನಮ್ಮ ಜಿಲ್ಲೆಯಲ್ಲೇ ಇದೆ. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ ಆಹಾರ ತೆಗೆದುಕೊಳ್ಳುತ್ತಾರೆ. ಮೌನವಾಗಿ, ಜೋಡಿಸಿದ ಅಂಗೈಯಲ್ಲಿ, ನಿಂತುಕೊಂಡೇ. ಕೈಗೆ ಬಂದದ್ದನ್ನು ನೋಡಿಯೇ ತೆಗೆದುಕೊಳ್ಳುತ್ತಾರೆ. ಕೂದಲೋ ಹುಳವೋ ಕಂಡರೆ ಆ ದಿನದ ಊಟ ಅಲ್ಲಿಗೇ ಮುಗಿಯಿತು. ನಿಂತು ತಿನ್ನುವುದರಲ್ಲೇ ದೋಷ ಇಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಅದು ಅವರ ತಪಸ್ಸು, ಸುತ್ತ ನಿಂತವರೆಲ್ಲ ಆ ಹೊತ್ತಿನಲ್ಲಿ ಅವರಿಗಾಗಿಯೇ ಇರುತ್ತಾರೆ. ನಿಮಗೆ ನಾನು ಕೂತು ಉಣ್ಣಿ ಅನ್ನುವುದಕ್ಕೆ ಕಾರಣ ಬೇರೆ. ನೀವು ನಿಂತಿದ್ದರೆ ಮನೆಯವರು ಏನಾದರೂ ಕೇಳುತ್ತಲೇ ಇರುತ್ತಾರೆ. ತಟ್ಟೆ ಮುಂದೆ ಕೂತವರನ್ನು ಎಬ್ಬಿಸಲು ನಮ್ಮ ಜನ ಇನ್ನೂ ಹಿಂಜರಿಯುತ್ತಾರೆ. ಆ ಹಿಂಜರಿಕೆಯ ಲಾಭ ನಿಮಗೂ ಸಿಗಲಿ. ಮಾತಾಡಿಕೊಂಡು ಉಣ್ಣಿ. ಮಾತಾಡುತ್ತಾ ಉಂಡರೆ ಊಟ ತಾನಾಗಿ ನಿಧಾನವಾಗುತ್ತದೆ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಕರುಳಿನಿಂದ ಮೆದುಳಿಗೆ ತಲುಪಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಆ 32ರ ಲೆಕ್ಕದಿಂದ ಬಯಸಿದ್ದೂ ಈ ನಿಧಾನವನ್ನೇ.

ಈಗ 5.9ರ ವಿಷಯ. 5.7ರಿಂದ 6.4ರವರೆಗಿನ ಎಚ್‌ಬಿಎ1ಸಿಯನ್ನು ಸಕ್ಕರೆ ಕಾಯಿಲೆಯ ಹಿಂದಿನ ಹಂತ ಅನ್ನುತ್ತಾರೆ. ಗಮನ ಕೊಡಬೇಕು, ಹೆದರಬೇಕಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನದ ಅಂದಾಜಿನಲ್ಲಿ ಈ ಹಂತದಲ್ಲಿ ಇರುವವರು 13 ಕೋಟಿಗೂ ಹೆಚ್ಚು. ಒಂದು ಮಾತು ತಪ್ಪದೆ ನೆನಪಿಡಿ: ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ನಿಮ್ಮ ದಿನಚರಿ ನೋಡಿದರೆ ಹಿಮೋಗ್ಲೋಬಿನ್ ಪರೀಕ್ಷೆ ಮೊದಲು ಮಾಡಿಸಬೇಕು ಅನ್ನಿಸುತ್ತದೆ. ಜೊತೆಗೆ ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆಯನ್ನೂ ನೋಡಿಸಿ. ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲೂ ಆಗುತ್ತವೆ.

ಅನ್ನ ಬಿಡಬೇಕಿಲ್ಲ. ಹಾಗೆಯೇ ಅನ್ನ ಬಿಟ್ಟು ಮುದ್ದೆ ಎಷ್ಟಾದರೂ ಉಣ್ಣಬಹುದು ಅನ್ನುವುದೂ ಸರಿಯಲ್ಲ. ರಾಗಿ ಸಕ್ಕರೆಗೆ ಮದ್ದು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ, ಅದಕ್ಕೇ ಸ್ವಲ್ಪ ಒತ್ತಿ ಹೇಳುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟಾದಿಗಳಿವೆ, ಪಾಲಿಶ್ ಅಕ್ಕಿಯಲ್ಲಿ 78. ವ್ಯತ್ಯಾಸ ಇದೆ, ಭಾರಿ ಅಲ್ಲ. ರಾಗಿ ಗೆಲ್ಲುವುದು ಬೇರೆ ಕಡೆ. ನಾರು 11 ಗ್ರಾಂ, ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಕ್ಯಾಲ್ಸಿಯಂ 364 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತನ್ನೂ ಮುಟ್ಟುವುದಿಲ್ಲ. ನಲವತ್ತು ದಾಟಿದ ಹೆಂಗಸಿನ ಮೂಳೆಗೆ ಇದು ದೊಡ್ಡ ಆಸರೆ. ಹಿಟ್ಟು ತೀರಾ ನುಣ್ಣಗೆ ಬೀಸಿ, ಜರಡಿ ಹಿಡಿದು ತೌಡು ತೆಗೆದರೆ ಆ ನಾರಿನ ಲಾಭ ಕಡಿಮೆಯಾಗುತ್ತದೆ. ಗಿರಣಿಯಲ್ಲಿ ಸ್ವಲ್ಪ ತರಿಯಾಗಿ ಬೀಸಿಸಿ, ಜರಡಿ ಬೇಡ. ರಾತ್ರಿಗೆ ಒಂದು ಮಧ್ಯಮ ಮುದ್ದೆ, ಮೇಲೆ ಒಂದು ಸೌಟು ಅನ್ನ ಮಜ್ಜಿಗೆ. ಅಷ್ಟು ಸಾಕು. ಬದಲಾಗಬೇಕಾದ್ದು ಅದರ ಜೊತೆಗೆ ಇರುವುದು.

ಬಸ್ಸಾರು ಮಾಡಿದ ದಿನ ಕಾಳು ಸೊಪ್ಪಿನ ಪಲ್ಯವನ್ನು ನಂಚಿಕೊಳ್ಳಲು ಚೂರು ಹಾಕಿಕೊಳ್ಳುವ ಬದಲು ಒಂದು ಬಟ್ಟಲು ತುಂಬ ಹಾಕಿಕೊಳ್ಳಿ. ಅದನ್ನು ಮೊದಲು ತಿನ್ನಿ, ಆಮೇಲೆ ಮುದ್ದೆ ಮುರಿಯಿರಿ. 2015ರಲ್ಲಿ ನ್ಯೂಯಾರ್ಕಿನಲ್ಲಿ ಸಕ್ಕರೆ ಕಾಯಿಲೆ ಇದ್ದ 11 ಜನರಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟು ನೋಡಿದರು. ತರಕಾರಿ, ಕೋಳಿ ಮೊದಲು ತಿಂದು ಬ್ರೆಡ್ಡನ್ನು ಆಮೇಲೆ ತಿಂದ ದಿನ ರಕ್ತದ ಸಕ್ಕರೆ ಸಾಕಷ್ಟು ಕಡಿಮೆ ಏರಿತು. ಸಣ್ಣ ಅಧ್ಯಯನ, ಆದರೆ ಮಾಡಿ ನೋಡಲು ಖರ್ಚಿಲ್ಲ, ತೊಂದರೆಯೂ ಇಲ್ಲ. ಬೆರಕೆ ಸೊಪ್ಪು ಸಿಕ್ಕರೆ ಬಿಡಬೇಡಿ. ಹುರುಳಿಕಾಳಿನಲ್ಲಿ ನೂರು ಗ್ರಾಂಗೆ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ಹುರುಳಿ ಸಾರಿನ ತಿಳಿ ಮಾತ್ರ ಬಗ್ಗಿಸಿಕೊಂಡರೆ ಅದು ನಿಮಗೆ ಸಿಗುವುದಿಲ್ಲ, ಕಾಳನ್ನೂ ಹಾಕಿಕೊಳ್ಳಿ. ಕಾಳು ಇದ್ದರೆ ಅಗಿಯಲೂ ಏನಾದರೂ ಇರುತ್ತದೆ, ಊಟ ಐದು ನಿಮಿಷಕ್ಕೆ ಇಳಿದುಹೋಗುವುದಿಲ್ಲ. ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರುತ್ತದೆ. ಡಬ್ಬಿಯ ಚಿತ್ರಾನ್ನದ ಜೊತೆ ಒಂದು ಮೊಟ್ಟೆ ಅಥವಾ ಕಾಳಿನ ಉಸಲಿ, ಸೌತೆಕಾಯಿ, ಮೊಸರು ಹೋಗಲಿ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ.

ಅಡುಗೆಯ ಖುಷಿ ಬಗ್ಗೆ ನೀವು ನೇರವಾಗಿ ಕೇಳಿಲ್ಲ. ಆದರೆ ಪತ್ರ ಓದಿದಾಗ ನನಗೆ ಜಾಸ್ತಿ ನಾಟಿದ್ದು ಅದೇ. ವಾರಕ್ಕೆ ಒಂದು ದಿನ ನಿಮ್ಮ ನಾಲಿಗೆ ಕೇಳಿದ್ದನ್ನು ಮಾಡಿ. ಮಕ್ಕಳಿಗೆ ಸೇರುತ್ತಾ, ಮನೆಯವರು ಏನಂತಾರೆ ಅನ್ನುವುದನ್ನು ಆ ಒಂದು ದಿನ ಬದಿಗಿಡಿ. ತವರಿನ ಕಡುಬು ಇರಬಹುದು, ಒಂದೆಲಗದ ತಂಬುಳಿ ಇರಬಹುದು. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಒಂದು ಮೊರ ತುಂಬ ತಂದು ನಡುಮನೆಯಲ್ಲಿ ಸುರಿಯಿರಿ. ಸುಲಿಯುವುದು, ನೆನೆದ ಕಾಳು ಹಿತುಕುವುದು ಒಬ್ಬರ ಕೆಲಸವೇ ಅಲ್ಲ, ಮೊದಲಿಂದಲೂ ಅದು ಮನೆಮಂದಿಯ ಕೆಲಸ. ಎಂಟು ಹತ್ತು ವರ್ಷದ ಮಕ್ಕಳಿಗೂ ಅದು ಬರುತ್ತದೆ. ಸುಲಿದ ಮಕ್ಕಳು ತಟ್ಟೆಯಲ್ಲಿ ಬಿಡುವುದೂ ಕಡಿಮೆ.

ಒಂದು ಎಚ್ಚರಿಕೆ. ರಾತ್ರಿ ತಿನ್ನುವುದು ನಿಮ್ಮ ಹಿಡಿತಕ್ಕೆ ಸಿಗದಷ್ಟು ಆಗುತ್ತಿದ್ದರೆ, ತಿಂದದ್ದನ್ನು ವಾಂತಿ ಮಾಡಬೇಕು ಅನ್ನಿಸಿದರೆ, ಶಿಕ್ಷೆಯಂತೆ ಮಾರನೇ ದಿನ ಪೂರ್ತಿ ಉಪವಾಸ ಇರುತ್ತಿದ್ದರೆ ಅದು ಊಟದ ಸಲಹೆಯಿಂದ ಸರಿಹೋಗುವುದಿಲ್ಲ. ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಈ ವಾರ ಬೆಳಗಿನ ತಿಂಡಿ, ಮುಂದಿನ ವಾರ ಸಂಜೆಯದ್ದು, ಆಮೇಲೆ ಒಟ್ಟಿಗೆ ಕೂರುವ ರಾತ್ರಿಯೂಟ. ಹಿಮೋಗ್ಲೋಬಿನ್ ಪರೀಕ್ಷೆಯನ್ನು ಮಾತ್ರ ಈಗಲೇ ಮಾಡಿಸಿ. ಅದು 12ಕ್ಕಿಂತ ಕಡಿಮೆ ಇದ್ದರೆ ವೈದ್ಯರು ಹೇಳಿದಷ್ಟು ದಿನ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಎಚ್‌ಬಿಎ1ಸಿಯನ್ನು ಮೂರು ತಿಂಗಳು ಬಿಟ್ಟು ನೋಡಿಸಿ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ಅದಕ್ಕಿಂತ ಬೇಗ ನೋಡಿದರೆ ಬದಲಾವಣೆ ಸರಿಯಾಗಿ ಕಾಣುವುದಿಲ್ಲ. ಆಗಲೂ ಇಳಿಯದಿದ್ದರೆ ಊಟ ಕಡಿಮೆ ಮಾಡಲು ಹೋಗಬೇಡಿ. ಎರಡೂ ರಿಪೋರ್ಟ್ ಹಿಡಿದು ವೈದ್ಯರ ಹತ್ತಿರ ಹೋಗಿ, ಥೈರಾಯ್ಡ್ ಪರೀಕ್ಷೆಯೂ ಬೇಕಾ ಅಂತ ಕೇಳಿ.